ಚಿಕ್ಕ ಜೀಪು ಮಾದರಿ ವಾಹನಗಳಿಗೆ ಟೈರಿನ ಅಳತೆ ಮತ್ತು ಎತ್ತರ ಹೆಚ್ಚಳ: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಹೊಲ, ತೋಟ, ಕುರಿಹಟ್ಟಿಗಳಿಗೆ ಹೋಗಿಬರಲು ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಚಿಕ್ಕ ವಾಹನಗಳನ್ನು ಇಟ್ಟುಕೊಂಡಿರುವ ಮಾಲೀಕರು ಇದ್ದಾರೆ. ಹಳೆಯ ಮಹೀಂದ್ರ ಜೀಪು, ಸಾರ್ವಜನಿಕ ಮಾರಾಟ ನಿಂತುಹೋಗಿರುವ ಮಾರುತಿ ಜಿಪ್ಸಿ, 2010 ರಲ್ಲಿ ಬಂದು 2020 ರಲ್ಲಿ ಹೊಸ ರೂಪ ಪಡೆದ ಥಾರ್, 2023 ರಲ್ಲಿ ಬಿಡುಗಡೆಯಾದ ಐದು ಬಾಗಿಲಿನ ಜಿಮ್ನಿ ಇವುಗಳಲ್ಲಿ ಮುಖ್ಯವಾದವು. ಇಂತಹ ವಾಹನವನ್ನು ಕೊಂಡ ಕೆಲವು ದಿನಗಳಲ್ಲಿಯೇ ದೊಡ್ಡ ಟೈರು ಹಾಕಿಸಬೇಕು, ವಾಹನವನ್ನು ಎರಡು ಮೂರು ಅಂಗುಲ ಎತ್ತರಿಸಬೇಕು ಎಂಬ ಸಲಹೆಗಳು ಮಾಲೀಕರಿಗೆ ಬರತೊಡಗುತ್ತವೆ. ಗ್ಯಾರೇಜುಗಳಲ್ಲಿ ಇದನ್ನು ಲಿಫ್ಟ್ ಎಂದು ಕರೆಯುವುದು ರೂಢಿ.

ಈ ವಿಷಯದಲ್ಲಿ ಹಣ ವ್ಯಯ ಮಾಡುವ ಮೊದಲು ತಿಳಿದಿರಬೇಕಾದ ತಾಂತ್ರಿಕ ಹಾಗೂ ಕಾನೂನಿನ ಅಂಶಗಳನ್ನು ಅರ್ಜಿದಾರರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ. ಸಾಮಾನ್ಯವಾಗಿ ಮೊದಲು ಕೆಲಸ ಮಾಡಿಸಿ ಅನಂತರ ಅನುಮತಿ ಕೇಳಲಾಗುತ್ತದೆ. ಆ ಕ್ರಮದಲ್ಲಿ ನಷ್ಟಕ್ಕೊಳಗಾಗುವವರು ಮಾಲೀಕರೇ ಆಗಿರುತ್ತಾರೆ.

ಕಾನೂನಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988 ರ 52 ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವುದೇ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ವಾಹನದ ಮೂಲ ಲಕ್ಷಣವನ್ನು ಬದಲಿಸುವಂತಹ ರಚನೆಯ ವ್ಯತ್ಯಾಸವೇ ಮಾರ್ಪಾಡು ಎಂದು ಅದೇ ಪ್ರಕರಣವು ವಿವರಿಸುತ್ತದೆ. ಸ್ಥಳೀಯ ಪ್ರಾಧಿಕಾರವು ತನ್ನ ವಿವೇಚನೆಯಿಂದ ಇದನ್ನು ಸಡಿಲಿಸಬಹುದೆಂಬ ಭಾವನೆ ಹಲವರಲ್ಲಿತ್ತು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019 ರ ಜನವರಿಯಲ್ಲಿ ನೀಡಿದ ತೀರ್ಪಿನಿಂದ ಆ ಸಂದೇಹ ನಿವಾರಣೆಯಾಗಿದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ನ್ಯಾಯಾಲಯವು ಸ್ಪಷ್ಟಪಡಿಸಿತು.

ಅದೇ ವರ್ಷ ಅಧಿನಿಯಮಕ್ಕೆ ತಿದ್ದುಪಡಿಯಾಗಿ 182ಎ ಪ್ರಕರಣವು ಸೇರಿತು. ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ಪ್ರತಿಯೊಂದು ಮಾರ್ಪಾಡಿಗೆ ಎಂಬ ಮಾತನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಧಿನಿಯಮವು ಕೇಂದ್ರದ್ದಾಗಿರುವುದರಿಂದ ಕೆಲಸವನ್ನು ಚಳ್ಳಕೆರೆಯಲ್ಲಿ ಮಾಡಿಸಿದರೂ ಒಂದೇ, ಬಳ್ಳಾರಿಯಲ್ಲಿ ಅಥವಾ ಗಡಿಯಾಚೆಯ ರಾಯದುರ್ಗದಲ್ಲಿ ಮಾಡಿಸಿದರೂ ಒಂದೇ.

ತಯಾರಕರು ಆ ಮಾದರಿಗೆ ತಾವೇ ನಿಗದಿಪಡಿಸಿರುವ ಅಳತೆಯೊಳಗೆ ಟೈರನ್ನು ಬದಲಿಸುವುದಕ್ಕೆ ಸಾಮಾನ್ಯವಾಗಿ ಈ ತೊಡಕು ಇರುವುದಿಲ್ಲ. ಸ್ಪ್ರಿಂಗು, ಆ್ಯಕ್ಸಲ್, ಛಾಸಿ ಇವುಗಳ ಜೋಡಣೆಯನ್ನೇ ಬದಲಿಸಿ ವಾಹನವನ್ನು ಎತ್ತರಿಸುವುದು ಬೇರೆಯೇ ವಿಷಯ. ಆದ್ದರಿಂದ ಟೈರಿನ ಪ್ರಶ್ನೆಯನ್ನೂ ಲಿಫ್ಟಿನ ಪ್ರಶ್ನೆಯನ್ನೂ ಒಂದೇ ಎಂದು ಭಾವಿಸಬಾರದು.

ನಮ್ಮ ನೆಲಕ್ಕೆ ಬೇಕಾದುದೇನು

ಯಾವ ಟೈರು ಎಂಬ ಪ್ರಶ್ನೆಗಿಂತ ಮುಂಚೆ ಯಾವ ನೆಲ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಚಳ್ಳಕೆರೆಯು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಇಲ್ಲಿ ಹೆಚ್ಚಾಗಿ ಎದುರಾಗುವುದು ಒಣಗಿದ ಕೆಂಪು ನೆಲ, ಶೇಂಗಾ ಹೊಲಗಳ ನಡುವಿನ ಬಂಡಿ ಜಾಡು, ಬದುಗಳು, ವೇದಾವತಿಯ ಹಾಗೂ ಹಳ್ಳಗಳ ಒಣ ಮರಳು. ಮೊಳಕಾಲ್ಮೂರಿನ ಕಡೆ ಹೋದಂತೆ ಬಂಡೆಗುಡ್ಡಗಳು, ಚೂಪಾದ ಕಲ್ಲುಗಳು ಹೆಚ್ಚುತ್ತವೆ. ಎರೆ ನೆಲವಿರುವ ಕಡೆಗಳಲ್ಲಿ ಮಳೆ ಬಿದ್ದ ನಾಲ್ಕು ದಿನ ಮಣ್ಣು ಚಕ್ರಕ್ಕೆ ಮೆತ್ತಿಕೊಳ್ಳುವುದುಂಟು. ಎರಡೂ ತಾಲ್ಲೂಕುಗಳಿಗೆ ಸಮಾನವಾದುದೆಂದರೆ ಜಾಲಿ ಮುಳ್ಳು. ಬಳ್ಳಾರಿ ಜಾಲಿಯ ಒಣ ರೆಂಬೆಯೊಂದು ಬಂಡಿ ಜಾಡಿನಲ್ಲಿ ಬಿದ್ದಿದ್ದರೆ ಎಷ್ಟು ಎತ್ತರದ ವಾಹನವಾದರೂ ನಿಲ್ಲಲೇಬೇಕಾಗುತ್ತದೆ.

ಕೆಸರಿಗೆಂದು ತಯಾರಾದ ದಪ್ಪ ಗಟ್ಟಿಗಳ ಎಂ.ಟಿ. ಟೈರು ಇಲ್ಲಿ ವರ್ಷದ ಕೆಲವೇ ದಿನಗಳಲ್ಲಿ ಪ್ರಯೋಜನಕ್ಕೆ ಬರುವಂತಹುದು. ಉಳಿದ ದಿನಗಳಲ್ಲಿ ಅದು ಡಾಂಬರಿನ ಮೇಲೆ ಸದ್ದು ಮಾಡುತ್ತಾ ಬೇಗನೆ ಸವೆಯುತ್ತದೆ, ಇಂಧನವನ್ನು ಹೆಚ್ಚು ಬೇಡುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಬಳ್ಳಾರಿ, ಚಳ್ಳಕೆರೆ, ಹಿರಿಯೂರುಗಳ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಯಲ್ಲಿ ದಿನನಿತ್ಯ ಓಡಾಡಿ, ಕೊನೆಯ ಎರಡು ಮೂರು ಕಿ.ಮೀ. ಮಾತ್ರ ಹೊಲದ ದಾರಿ ಹಿಡಿಯುವವರಿಗೆ ಡಾಂಬರು ಮತ್ತು ಕಚ್ಚಾ ದಾರಿ ಎರಡಕ್ಕೂ ಹೊಂದುವ ಎ.ಟಿ. ಟೈರು ಸಾಕಾಗುತ್ತದೆ. ಕಲ್ಲುದಾರಿಯಲ್ಲಿ ಓಡಾಡುವವರು ಗಟ್ಟಿಗಳ ಆಳಕ್ಕಿಂತ ಟೈರಿನ ಪಕ್ಕದ ಗೋಡೆಯ ಬಲವನ್ನು ನೋಡಬೇಕು. ಗಟ್ಟಿಯ ಭಾಗದಲ್ಲಿ ಮುಳ್ಳು ನಾಟಿದರೆ ದುರಸ್ತಿಯಾಗುತ್ತದೆ. ಪಕ್ಕದ ಗೋಡೆ ಸೀಳಿದರೆ ಆ ಟೈರು ರಸ್ತೆಗೆ ಮರಳುವಂತಹುದಲ್ಲ.

ಟೈರಿನ ಅಳತೆಯನ್ನು ಓದುವ ಕ್ರಮ

ಟೈರಿನ ಮೇಲೆ 195/80 ಆರ್ 15 ಎಂದು ಬರೆದಿದ್ದರೆ, 195 ಎಂಬುದು ಮಿಲಿಮೀಟರಿನಲ್ಲಿ ಅದರ ಅಗಲ. 80 ಎಂಬುದು ಪಕ್ಕದ ಗೋಡೆಯ ಎತ್ತರವು ಅಗಲದ ಶೇ. 80 ಎಂಬುದರ ಸೂಚನೆ. 15 ಎಂಬುದು ಡಿಸ್ಕಿನ ವ್ಯಾಸ, ಅಂಗುಲದಲ್ಲಿ. ಇದು ಜಿಮ್ನಿ ವಾಹನದ ಮೂಲ ಅಳತೆಯಾಗಿರುತ್ತದೆ. ಲೆಕ್ಕ ಹೀಗೆ: 195 ರ ಶೇ. 80 ಎಂದರೆ 156 ಮಿ.ಮೀ. ಮೇಲೆ ಕೆಳಗೆ ಎರಡು ಬಾರಿ ಸೇರಿಸಿದರೆ 312. ಅದಕ್ಕೆ 15 ಅಂಗುಲದ 381 ಮಿ.ಮೀ. ಕೂಡಿಸಿದರೆ ಟೈರಿನ ಒಟ್ಟು ವ್ಯಾಸ 693 ಮಿ.ಮೀ.

ಈಗ ಗ್ಯಾರೇಜಿನಲ್ಲಿ 235/75 ಆರ್ 15 ಹಾಕಿಸಿರೆಂದು ಹೇಳಿದರೆನ್ನೋಣ. ಅದೇ ಲೆಕ್ಕದಿಂದ ಅದರ ವ್ಯಾಸ 733.5 ಮಿ.ಮೀ. ಬರುತ್ತದೆ. ವ್ಯಾಸ 40 ಮಿ.ಮೀ. ಹೆಚ್ಚಿದರೂ ವಾಹನವು ನೆಲದಿಂದ ಮೇಲೇಳುವುದು ಅದರ ಅರ್ಧದಷ್ಟು, ಅಂದರೆ 20 ಮಿ.ಮೀ. ಮಾತ್ರ. ಈ 20 ಮಿ.ಮೀ. ಗಾಗಿ ಕೊಡಬೇಕಾದ ಬೆಲೆಯನ್ನೂ ನೋಡತಕ್ಕದ್ದು. ಚಕ್ರದ ಸುತ್ತಳತೆ ಸುಮಾರು ಶೇ. 5.8 ರಷ್ಟು ಹೆಚ್ಚುವುದರಿಂದ ವೇಗಮಾಪಕವು 60 ಎಂದು ತೋರಿಸುವಾಗ ವಾಹನವು ಸುಮಾರು 63.5 ಕಿ.ಮೀ. ವೇಗದಲ್ಲಿ ಓಡುವಂತಾಗುತ್ತದೆ. ಇಂಜಿನ್ನಿನಿಂದ ನೆಲಕ್ಕೆ ಬರುವ ಎಳೆತದ ಬಲವು ಅದೇ ಗೇರಿನಲ್ಲಿ ಶೇ. 5.5 ರಷ್ಟು ಕುಗ್ಗುತ್ತದೆ. ಚಿಕ್ಕ ಇಂಜಿನ್ನಿನ ವಾಹನವು ಮರಳಿನಲ್ಲಿ ಒದ್ದಾಡುವಾಗ ಬೇಕಾಗುವುದೂ ಅದೇ ಬಲವೇ. ಅಗಲವೂ 40 ಮಿ.ಮೀ. ಹೆಚ್ಚಿರುವುದರಿಂದ ಸ್ಟೀರಿಂಗ್ ಪೂರ್ಣ ತಿರುಗಿಸಿದಾಗ ಟೈರು ಒಳಗಿನ ಭಾಗಗಳಿಗೆ ಉಜ್ಜಬಹುದು. ಉಜ್ಜದಿರಲೆಂದು ಡಿಸ್ಕನ್ನು ಹೊರಕ್ಕೆ ತಳ್ಳಿದರೆ ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ, ಟೈರು ಮಡ್ಗಾರ್ಡಿನಿಂದಾಚೆ ಬಂದು ಕಲ್ಲುಗಳನ್ನು ಹಿಂದಿನವರ ಮೇಲೆ ಸಿಡಿಸುತ್ತದೆ. ಒಂದು ಬದಲಾವಣೆಯು ಹೀಗೆ ಮೂರನ್ನು ಎಳೆದು ತರುತ್ತದೆ.

ಹೋಲಿಕೆಗಾಗಿ 215/75 ಆರ್ 15 ಅನ್ನು ತೆಗೆದುಕೊಂಡರೆ ವ್ಯಾಸ 703.5 ಮಿ.ಮೀ. ಆಗಿ, ವಾಹನವು ಸುಮಾರು 5 ಮಿ.ಮೀ. ಮಾತ್ರ ಏರುತ್ತದೆ. ಯಾಂತ್ರಿಕವಾಗಿ ಇದರಿಂದಾಗುವ ತೊಂದರೆ ಅಲ್ಪ. ಪ್ರಯೋಜನವೂ ಅಷ್ಟೇ ಅಲ್ಪ.

ತಯಾರಕರೇ ಒಂದು ಮಾದರಿಗೆ ಎರಡು ಅಳತೆಗಳನ್ನು ಕೊಡುವುದೂ ಉಂಟು. 2020 ರ ಥಾರ್ ವಾಹನವು 245/75 ಆರ್ 16 ಮತ್ತು 255/65 ಆರ್ 18 ಎಂಬ ಎರಡು ಅಳತೆಗಳಲ್ಲಿ ಬಂದಿತು. ಇವುಗಳ ವ್ಯಾಸದಲ್ಲಿರುವ ವ್ಯತ್ಯಾಸ ಸುಮಾರು 15 ಮಿ.ಮೀ. ಮಾತ್ರ. ಕಲ್ಲುದಾರಿಯವರಿಗೆ ಇವುಗಳಲ್ಲಿ ಚಿಕ್ಕ ಡಿಸ್ಕಿನ, ಎತ್ತರದ ಗೋಡೆಯ ಟೈರೇ ಹೆಚ್ಚು ಹೊಂದುತ್ತದೆ. ಏಕೆಂದರೆ ಗಾಳಿಯ ಗೋಡೆ ಎತ್ತರವಿದ್ದಷ್ಟೂ ಕಲ್ಲಿನ ಪೆಟ್ಟು ಡಿಸ್ಕಿಗೆ ತಾಗುವುದು ಕಡಿಮೆ. ದೊಡ್ಡ ಡಿಸ್ಕು ನೋಡಲು ಚೆಂದವೆಂಬುದು ನಿಜ.

ಅಳತೆಯ ಪಕ್ಕದಲ್ಲಿಯೇ 96 ಎಸ್ ಎಂಬಂತಹ ಗುರುತಿರುತ್ತದೆ. 96 ಎಂದರೆ ಆ ಟೈರು ಹೊರಬಲ್ಲ ಗರಿಷ್ಠ ಭಾರ 710 ಕಿ.ಗ್ರಾಂ.; ಎಸ್ ಎಂದರೆ ಗಂಟೆಗೆ 180 ಕಿ.ಮೀ. ವೇಗದ ಮಿತಿ. ಹೊಸ ಟೈರಿನ ಭಾರ ಸೂಚಿಯು ಮೂಲ ಟೈರಿನದಕ್ಕಿಂತ ಕಡಿಮೆಯಿರಬಾರದು. ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಕೊಟ್ಟಿರುತ್ತಾರೆ. 2324 ಎಂದಿದ್ದರೆ 2024 ರ 23 ನೇ ವಾರ ಎಂದರ್ಥ. ಪ್ರಯಾಣಿಕ ಕಾರುಗಳ ಟೈರಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 15633 ರ ಗುರುತು ಇದೆಯೇ ಎಂಬುದನ್ನೂ ಪರಿಶೀಲಿಸಬೇಕು. ಹಳೆಯ ದೊಡ್ಡ ಟೈರಿಗೆ ಮೇಲ್ಪದರ ಹಾಕಿಸಿ ಅಗ್ಗದಲ್ಲಿ ಮಾರುವವರಿಂದ ದೂರವಿರುವುದು ಕ್ಷೇಮ.

6.00-16 ಟೈರಿನ ಹಳೆಯ ಜೀಪುಗಳಿಗೆ ರೇಡಿಯಲ್ ಟೈರು ಹಾಕಿಸುವವರು ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಒಂದೇ ಆ್ಯಕ್ಸಲಿನಲ್ಲಿ ರೇಡಿಯಲ್ ಒಂದು, ಹಳೆಯ ನೂಲಿನದೊಂದು ಇರುವುದು ಅಪಾಯಕಾರಿ. ನಾಲ್ಕು ಚಕ್ರ ಚಾಲನೆಯ ಯಾವುದೇ ವಾಹನದಲ್ಲಿ ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿ ನಾಲ್ಕು ಚಕ್ರದ ಗೇರು ತೊಡಿಸಿದರೆ, ಮುಂದಿನ ಹಿಂದಿನ ಚಕ್ರಗಳ ಸುತ್ತುಗಳು ಹೊಂದದೆ ಗೇರು ಪೆಟ್ಟಿಗೆಯ ಮೇಲೆ ಒತ್ತಡ ಬೀಳುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದ್ದಾಗಿರಬೇಕು.

ಲಿಫ್ಟಿನಿಂದ ಏರುವುದು ಯಾವುದು, ಏರದಿರುವುದು ಯಾವುದು

ಬಂಡಿ ಜಾಡಿನಲ್ಲಿ ಹೋಗುವಾಗ ನಡುವಿನ ದಿಬ್ಬಕ್ಕೆ ಮೊದಲು ತಾಗುವುದು ಆ್ಯಕ್ಸಲಿನ ಮಧ್ಯದಲ್ಲಿರುವ ಡಿಫರೆನ್ಷಿಯಲ್ಲಿನ ಗುಂಡು. ಜಿಪ್ಸಿ, ಜಿಮ್ನಿ, ಹಳೆಯ ಜೀಪು ಇವುಗಳಲ್ಲಿ ಮುಂದೆಯೂ ಹಿಂದೆಯೂ ಒಂದೇ ಗಟ್ಟಿ ಆ್ಯಕ್ಸಲ್ ಇರುತ್ತದೆ. ಆ್ಯಕ್ಸಲ್ ನಿಂತಿರುವುದು ಟೈರಿನ ಮೇಲೆ. ಸ್ಪ್ರಿಂಗು ನಿಂತಿರುವುದು ಆ್ಯಕ್ಸಲಿನ ಮೇಲೆ. ಆದ್ದರಿಂದ ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಡಿಫರೆನ್ಷಿಯಲ್ ಒಂದು ಮಿಲಿಮೀಟರ್ ಕೂಡ ಮೇಲೇರುವುದಿಲ್ಲ. ಅದನ್ನು ಏರಿಸಬಲ್ಲದ್ದು ಟೈರಿನ ವ್ಯಾಸ ಮಾತ್ರ. ಇದನ್ನು ತಿಳಿಯದೆ, ಜಾಡಿನ ದಿಬ್ಬ ತಾಗುತ್ತದೆಂಬ ಕಾರಣಕ್ಕೆ ಲಿಫ್ಟ್ ಮಾಡಿಸಿದರೆ ಖರ್ಚಾದ ಮೇಲೆಯೂ ದಿಬ್ಬ ತಾಗುತ್ತಲೇ ಇರುತ್ತದೆ. ಒಂದು ಬದಿಯ ಚಕ್ರಗಳನ್ನು ದಿಬ್ಬದ ಮೇಲೆ ಹತ್ತಿಸಿ ನಿಧಾನವಾಗಿ ಓಡಿಸುವುದು ಎತ್ತಿನ ಗಾಡಿಯ ಕಾಲದಿಂದ ಬಂದ ಉಪಾಯ. ಇದಕ್ಕೆ ಹಣ ಬೇಕಿಲ್ಲ.

ಲಿಫ್ಟಿನಿಂದ ಏರುವುದು ಛಾಸಿ, ಬಾಡಿ ಮತ್ತು ಬಂಪರುಗಳು. ಬದು ದಾಟುವಾಗ ಹೊಟ್ಟೆ ತಾಗದಿರಲು ಇದು ಸ್ವಲ್ಪ ನೆರವಾಗುತ್ತದೆ. ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಜಿಮ್ನಿಯ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 2,590 ಮಿ.ಮೀ. ಛಾಸಿಯನ್ನು 50 ಮಿ.ಮೀ. ಎತ್ತರಿಸಿದರೆ ಬದು ದಾಟುವ ಕೋನವು ಸುಮಾರು 4 ಡಿಗ್ರಿಯಷ್ಟು ಹೆಚ್ಚುತ್ತದೆ. ಮೂಲದಲ್ಲಿಯೇ ಆ ವಾಹನಕ್ಕೆ 210 ಮಿ.ಮೀ. ನೆಲದಂತರವಿದೆ, ಥಾರ್‌ಗೆ 226 ಮಿ.ಮೀ. ಹೊಲದ ಸಾಮಾನ್ಯ ಬದುಗಳಿಗೆ ಇಷ್ಟು ಸಾಲದೆ ಬರುವ ಸಂದರ್ಭ ವಿರಳ.

ಇದಕ್ಕೆ ಪ್ರತಿಯಾಗಿ ಕಳೆದುಕೊಳ್ಳುವುದು ಸ್ಥಿರತೆ. ಎಡ ಬಲ ಚಕ್ರಗಳ ನಡುವೆ 1,400 ಮಿ.ಮೀ. ಅಂತರವಿರುವ, ಗುರುತ್ವ ಕೇಂದ್ರವು ನೆಲದಿಂದ 650 ಮಿ.ಮೀ. ಎತ್ತರದಲ್ಲಿರುವ ವಾಹನವೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದು ನಿಂತಲ್ಲಿಯೇ ಪಕ್ಕಕ್ಕೆ ಉರುಳುವ ಇಳಿಜಾರು ಲೆಕ್ಕದ ಪ್ರಕಾರ ಸುಮಾರು 47 ಡಿಗ್ರಿ. ಟೈರು, ಲಿಫ್ಟ್ ಎರಡೂ ಸೇರಿ ಗುರುತ್ವ ಕೇಂದ್ರವು 50 ಮಿ.ಮೀ. ಏರಿದರೆ ಅದು 45 ಡಿಗ್ರಿಗೆ ಇಳಿಯುತ್ತದೆ. ಮಾಡಿನ ಕ್ಯಾರಿಯರಿನ ಮೇಲೆ ಶೇಂಗಾ ಚೀಲಗಳನ್ನು ಹೇರಿ ಇನ್ನೂ 50 ಮಿ.ಮೀ. ಏರಿತೆಂದರೆ 43. ಎರಡೆರಡು ಡಿಗ್ರಿ ತಾನೆ ಎಂದು ತೋರಬಹುದು. ಇದು ಅಲುಗದ ಪೆಟ್ಟಿಗೆಯೊಂದರ ಲೆಕ್ಕ. ಓಡುವ ವಾಹನವು ಸ್ಪ್ರಿಂಗಿನ ಮೇಲೆ ವಾಲುತ್ತದೆ, ಆದ್ದರಿಂದ ಇದಕ್ಕಿಂತ ಬಹಳ ಮೊದಲೇ ಉರುಳುತ್ತದೆ. ಅಲ್ಲದೆ ಉರುಳುವ ಭಯ ಹೆಚ್ಚಾಗಿರುವುದು ಬದುವಿನ ಮೇಲಲ್ಲ, ಡಾಂಬರಿನ ಮೇಲೆ. ಸಂಜೆ ಹೊತ್ತಿನಲ್ಲಿ ಕುರಿಹಿಂಡು ಹಠಾತ್ತನೆ ಹೆದ್ದಾರಿಗೆ ಬಂದಾಗ ಚಾಲಕರು ಸ್ಟೀರಿಂಗನ್ನು ಒಮ್ಮೆಲೇ ಒಂದು ಕಡೆಗೆ, ಮರುಕ್ಷಣ ಇನ್ನೊಂದು ಕಡೆಗೆ ತಿರುಗಿಸುತ್ತಾರೆ. ಎತ್ತರಿಸಿದ ವಾಹನವು ಕೈಬಿಡುವುದು ಆ ಎರಡನೆಯ ತಿರುವಿನಲ್ಲಿ.

ಇದಲ್ಲದೆ, ಸ್ಪ್ರಿಂಗ್ ಲಿಫ್ಟಿನಿಂದ ಮುಂದಿನ ಚಕ್ರದ ಕ್ಯಾಸ್ಟರ್ ಕೋನ ಕುಗ್ಗಿ ಸ್ಟೀರಿಂಗು ತಾನಾಗಿ ನೇರಕ್ಕೆ ಮರಳುವ ಗುಣ ಕಡಿಮೆಯಾಗುತ್ತದೆ. ಪ್ರೊಪೆಲ್ಲರ್ ಶಾಫ್ಟು ಹೆಚ್ಚು ಓರೆಯಾಗಿ ಅದರ ಜಾಯಿಂಟುಗಳು ಬೇಗ ಸವೆಯುತ್ತವೆ. ಬ್ರೇಕಿನ ರಬ್ಬರ್ ಪೈಪು, ಚಕ್ರ ಕೆಳಗಿಳಿದಾಗ, ಬಿಗಿಯಾಗಿ ಎಳೆಯಲ್ಪಡುತ್ತದೆ. ದೀಪಗಳ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತದೆ. ಪಟ್ಟಿ ಸ್ಪ್ರಿಂಗಿನ ಹಳೆಯ ಜೀಪುಗಳಲ್ಲಿ ಉದ್ದದ ಶ್ಯಾಕಲ್ ಹಾಕಿ ಅಗ್ಗದಲ್ಲಿ ಎತ್ತರಿಸುವ ಪದ್ಧತಿಯಿದ್ದು, ಇವುಗಳಲ್ಲೆಲ್ಲ ಅದೇ ಹೆಚ್ಚು ಹಾನಿಕರವಾದುದು.

ಖರ್ಚಿಲ್ಲದ ಉಪಾಯ: ಗಾಳಿ

ಒಣ ಮರಳಿನಲ್ಲಿ ವಾಹನ ಹೂತುಕೊಳ್ಳುವುದಕ್ಕೆ ಎತ್ತರ ಕಡಿಮೆಯಾದುದು ಕಾರಣವಲ್ಲ. ಟೈರಿನ ಗಾಳಿ ಹೆಚ್ಚಾಗಿರುವುದು ಕಾರಣ. ಚಾಲಕನ ಬಾಗಿಲಿನ ಪಕ್ಕದ ಫಲಕದಲ್ಲಿರುವ ಗಾಳಿಯ ಪ್ರಮಾಣವು ಡಾಂಬರು ರಸ್ತೆಗೆ ಸಂಬಂಧಿಸಿದ್ದು. ಮರಳಿಗೆ ಇಳಿಯುವ ಮೊದಲು ಅದನ್ನು 15 ರಿಂದ 18 ಪೌಂಡಿಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ಹೀಗೆ ಇಳಿಸಿದಾಗ ನಿಧಾನವಾಗಿ, ಬಿರುಸಿನ ತಿರುವುಗಳಿಲ್ಲದೆ ಓಡಿಸಬೇಕು. ರಸ್ತೆಗೆ ಮರಳುವ ಮೊದಲು ಮತ್ತೆ ತುಂಬಿಸಲೇಬೇಕು. ವಾಹನದ ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿ ಪಂಪು ಮತ್ತು ಗಾಳಿ ಅಳೆಯುವ ಮಾಪಕ ಇವೆರಡರ ಬೆಲೆ ಒಂದು ಟೈರಿನ ಬೆಲೆಗಿಂತ ಕಡಿಮೆ. ಮುಳ್ಳು, ಕಲ್ಲು ಇರುವ ಕಡೆ ಗಾಳಿಯನ್ನು ಇಷ್ಟೊಂದು ಇಳಿಸಬಾರದು, ಏಕೆಂದರೆ ಉಬ್ಬಿದ ಪಕ್ಕದ ಗೋಡೆಯೇ ಮುಳ್ಳಿಗೆ ಎದುರಾಗುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ನಾಟಿದರೆ ಗಾಳಿ ನಿಧಾನವಾಗಿ ಇಳಿಯುವುದರಿಂದ, ದುರಸ್ತಿಗೆ ಅನುಕೂಲವಾದ ಸ್ಥಳ ತಲುಪುವವರೆಗೆ ಮುಳ್ಳನ್ನು ಕೀಳದಿರುವುದು ಲೇಸು.

ಹರಿಯುವ ನೀರಿನ ವಿಷಯದಲ್ಲಿ ಲಿಫ್ಟಿನ ಮೇಲೆ ಭರವಸೆಯಿಡುವುದು ಸರಿಯಲ್ಲ. 1933 ರ ನಂತರ ಮೊದಲ ಬಾರಿಗೆ 2022 ರಲ್ಲಿ ವಾಣಿವಿಲಾಸ ಸಾಗರವು ಕೋಡಿ ಬಿದ್ದಾಗ, ವರ್ಷಗಟ್ಟಲೆ ಮರಳಾಗಿದ್ದ ವೇದಾವತಿಯ ಪಾತ್ರದಲ್ಲಿ ನೀರು ಹರಿಯಿತು. ಒಣ ಪಾತ್ರವನ್ನು ದಾರಿಯಾಗಿ ಬಳಸಿ ಅಭ್ಯಾಸವಾದವರಿಗೆ ನೀರಿನ ಕೆಳಗಿನ ಗುಂಡಿಗಳು ಕಾಣಿಸುವುದಿಲ್ಲ. ಅಗಲವಾದ ಟೈರು ನೀರಿನಲ್ಲಿ ವಾಹನವನ್ನು ಇನ್ನಷ್ಟು ಬೇಗ ತೇಲಿಸುತ್ತದೆ.

ಎಲ್ಲಿ ಓಡಿಸಬಹುದು ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ. ಅಮೃತಮಹಲ್ ಕಾವಲುಗಳು ಹುಲ್ಲುಗಾವಲುಗಳು, ವಾಹನದ ಬಲ ಪರೀಕ್ಷಿಸುವ ಮೈದಾನಗಳಲ್ಲ. ಚಳ್ಳಕೆರೆ ಸಮೀಪ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾದ ಪ್ರದೇಶಗಳಲ್ಲಿ ಹಳೆಯ ದಾರಿಗಳು ಮೊದಲಿನಂತೆ ಉಳಿದಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವ ಬಂಡೆಗಳ ಸುತ್ತಮುತ್ತ ವಾಹನ ಹತ್ತಿಸುವ ಸಾಹಸ ಮಾಡಬಾರದು.

ಅರ್ಜಿ ಸಲ್ಲಿಸುವವರ ಗಮನಕ್ಕೆ

ಈ ಎರಡೂ ತಾಲ್ಲೂಕುಗಳ ವಾಹನಗಳು ಕೆಎ-16 ಸಂಕೇತದ ಚಿತ್ರದುರ್ಗ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಟೈರು ಬದಲಿಸಲು ಇಚ್ಛಿಸುವವರು ಮೊದಲು ವಾಹನದ ಕೈಪಿಡಿಯಲ್ಲಿ ಮತ್ತು ಬಾಗಿಲಿನ ಫಲಕದಲ್ಲಿ ತಮ್ಮ ಮಾದರಿಗೆ ನಮೂದಾಗಿರುವ ಅಳತೆಗಳನ್ನು ನೋಡತಕ್ಕದ್ದು. ಅದರಲ್ಲಿಲ್ಲದ ಅಳತೆಯಾದರೆ, ಅದು ತಮ್ಮ ವಾಹನಕ್ಕೆ ಒಪ್ಪಿತವೆಂದು ತಯಾರಕರಿಂದ ಲಿಖಿತವಾಗಿ ಪಡೆಯದೆ ಮುಂದುವರಿಯಬಾರದು. ಮಾರಾಟಗಾರರ ಬಾಯಿಮಾತು ಅಥವಾ ಕಿಟ್ಟಿನ ಪೆಟ್ಟಿಗೆಯ ಮೇಲಿನ ಬರಹ ಇದಕ್ಕೆ ಸಮನಾಗುವುದಿಲ್ಲ. ಸರಕು ವಾಹನವಾಗಿ ನೋಂದಣಿಯಾದವುಗಳ ವಿಷಯದಲ್ಲಿ ಪ್ರತಿ ಚಕ್ರದ ಟೈರಿನ ಸಂಖ್ಯೆ, ಸ್ವರೂಪ, ಅಳತೆಗಳು 58 ನೇ ಪ್ರಕರಣದ ಮೇರೆಗೆ ನೋಂದಣಿ ದಾಖಲೆಯಲ್ಲಿಯೇ ಸೇರಿರುವುದರಿಂದ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ.

ಯಾವ ಅಳತೆಯ ಟೈರಾದರೂ ಗಟ್ಟಿಯ ಆಳವು 1.6 ಮಿ.ಮೀ. ಗಿಂತ ಕಡಿಮೆಯಾದರೆ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ರ 94 ನೇ ನಿಯಮದ ಪ್ರಕಾರ ಅದು ರಸ್ತೆಗೆ ಯೋಗ್ಯವಲ್ಲ.

ಖಾಸಗಿ ವಾಹನದ ನೋಂದಣಿಯು 15 ವರ್ಷಗಳ ಅವಧಿಗೆ ಇದ್ದು, ಅನಂತರ ಐದೈದು ವರ್ಷಗಳಿಗೆ ನವೀಕರಿಸಬೇಕಾಗುತ್ತದೆ. ಜಿಪ್ಸಿ ಹಾಗೂ ಹಳೆಯ ಜೀಪುಗಳನ್ನು ಎರಡನೆಯ ಮೂರನೆಯ ಕೈಯಿಂದ ಕೊಳ್ಳುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಹಿಂದಿನ ಮಾಲೀಕರು ಮಾಡಿಸಿದ ಲಿಫ್ಟು ನವೀಕರಣದ ತಪಾಸಣೆಯ ದಿನ ಹೊಸ ಮಾಲೀಕರ ಹೊಣೆಯಾಗಿ ನಿಲ್ಲುತ್ತದೆ. ಕೊಳ್ಳುವ ಮೊದಲೇ ನೋಂದಣಿ ಪತ್ರದ ವಿವರಗಳನ್ನು ವಾಹನದೊಂದಿಗೆ ಹೋಲಿಸಿ, ಸ್ಪ್ರಿಂಗು, ಶ್ಯಾಕಲ್, ಛಾಸಿಯ ಬೆಸುಗೆಗಳನ್ನು ಬಲ್ಲ ಮೆಕ್ಯಾನಿಕರಿಂದ ನೋಡಿಸುವುದು ಸೂಕ್ತ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ನಂತರ ಪರಿಹಾರದ ಅರ್ಜಿಯಲ್ಲಿ ತಕರಾರಿಗೆ ಕಾರಣವಾಗಬಹುದು.

ಈಗಾಗಲೇ ಲಿಫ್ಟ್ ಅಥವಾ ದೊಡ್ಡ ಟೈರು ಅಳವಡಿಸಿರುವವರು ನವೀಕರಣ ಅಥವಾ ಮಾಲೀಕತ್ವ ವರ್ಗಾವಣೆಯ ಅರ್ಜಿಗೆ ಮೊದಲು ವಾಹನವನ್ನು ಮೂಲ ಸ್ಥಿತಿಗೆ ತರತಕ್ಕದ್ದು. ಬಿಚ್ಚಿದ ಮೂಲ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಹಾಗೂ ಡಿಸ್ಕುಗಳನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದಲ್ಲಿ ಈ ಕೆಲಸವು ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಮೂಲ ಸ್ಥಿತಿಗೆ ತಂದ ನಂತರ ಚಕ್ರಗಳ ಅಲೈನ್‌ಮೆಂಟ್ ಮತ್ತು ದೀಪಗಳ ಮಟ್ಟವನ್ನು ಮತ್ತೊಮ್ಮೆ ಸರಿಪಡಿಸಿ, ಅದರ ರಸೀದಿಯನ್ನು ಇಟ್ಟುಕೊಂಡಿರುವುದು ಒಳ್ಳೆಯದು.